ಸೌದೆ ಹಳ್ಳ

ಬಿಯರ್ಲಿ ಕಣಿವೆ, ಪೆನ್ಸಿಲ್ವೇನಿಯಾ
೧೪ ಜೂನ್ ೨೦೧೨

ಲಮಾರ್,

ನಿನಗೆ ಕಾಗದ ಬರೆದು ಎರಡು ಕ್ರಿಸ್‌ಮಸ್ ಆಯಿತು. ನೀನು ನನಗೆ ಬರೆದು ಮೂರಾಯಿತು. ಹಾಗಾಗಿ ಬೈಯುವ ಹಕ್ಕು ನನ್ನದು, ಆದರೆ ಈ ಸಲ ಬೈಯಲು ಪುರುಸೊತ್ತಿಲ್ಲ.

ವಿಲ್ಮರ್ ಸ್ಟಾಲ್ ನಮ್ಮ ಮೇಲಿನ ಗುಡ್ಡವನ್ನು ಗ್ಯಾಸ್ ಕಂಪನಿಗೆ ಗುತ್ತಿಗೆ ಕೊಟ್ಟಿದ್ದಾನೆ. ಅವನ ಗುಡ್ಡ, ಅವನಿಷ್ಟ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೊನ್ನೆ ಹೆಮ್ಲಾಕ್ ಮರಗಳ ನಡುವೆ ಕಿತ್ತಳೆ ಪಟ್ಟಿ ಕಟ್ಟಿದ ಗೂಟಗಳು ಕಂಡವು. ಗೂಟಗಳ ಜಾಡು ಹಿಡಿದು ಹತ್ತಿದೆ. ಐದು ಎಕರೆ ಬೋಳಿಸಿ ಗ್ಯಾಸ್ ಬಾವಿ ಕೊರೆಯುವ ಜಾಗ ಎಲ್ಲಿ ಗೊತ್ತೇ? ನಮ್ಮ ಒರತೆಯ ನೆತ್ತಿಯ ಮೇಲೆ. ಲಾರಿ ಓಡಾಡುವ ದಾರಿ ನಮ್ಮ ಹಳ್ಳದ ಮೂರನೇ ಮಡುವನ್ನು ದಾಟಿಕೊಂಡೇ ಹೋಗುತ್ತದೆ. ಕೊರೆಯಲು ಬೇಕಾದ ನೀರನ್ನೂ ಅಲ್ಲಿಂದಲೇ ಎತ್ತುತ್ತಾರಂತೆ. ಆಗಸ್ಟ್‌ನಲ್ಲಿ ಆ ನೀರು ನನ್ನ ಕಣಕಾಲು ಮುಚ್ಚುವುದಿಲ್ಲ, ನಿನಗೆ ಹೇಳಬೇಕಿಲ್ಲ.

ಊರ ಕಚೇರಿಗೆ ಹೋಗಿ ಅವರ ಅರ್ಜಿ ನೋಡಿದೆ. ಅದರಲ್ಲಿ ನಮ್ಮ ನೀರಿಗೆ ಹೆಸರಿಲ್ಲ, ಒಂದು ಸಂಖ್ಯೆ ಇದೆ. ಸಂಖ್ಯೆಯ ಎದುರಿಗೆ ಎರಡೇ ಪದ: ಟ್ರೌಟ್ ಇಲ್ಲ.

ಮೊದಲು ನಗು ಬಂತು. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತೆ. ಅಜ್ಜನ ಕಾಲದಿಂದ ಆ ನೀರಿಗೆ ಹೆಸರಿಡದೆ ಬಂದವರು ನಾವು, ಹೆಸರಿದ್ದರೆ ಎಲ್ಲಾದರೂ ಬಾಯಿ ತಪ್ಪೀತು ಎಂದು. ಮೀನಿಗೆ ಹೊರಟರೆ ‘ಸೌದೆಗೆ ಹೋಗ್ತೀನಿ’ ಎನ್ನುತ್ತಿದ್ದೆವು. ಅಮ್ಮ ಬೆಂಕಿ ಉರಿಯುವ ಒಲೆಯ ಮುಂದೆ ನಿಂತು ‘ಆರು ಸೌದೆ ತನ್ನಿ, ಊಟಕ್ಕೆ ಸಾಕು’ ಎನ್ನುತ್ತಿದ್ದಳು. ಕೆಳಗಿನ ದೊಡ್ಡ ಹೊಳೆಗೆ ಸರ್ಕಾರದವರು ಲಾರಿಯಲ್ಲಿ ತಂದು ಸುರಿಯುವ ಫಾರಂ ಮೀನಿಗೆ ನೂರು ಜನ ಮೊಣಕೈಗೆ ಮೊಣಕೈ ತಾಗಿಸಿ ನಿಲ್ಲುತ್ತಿದ್ದರೆ, ನಾವು ಮೇಲೆ ನಮ್ಮ ನಾಟಿ ಟ್ರೌಟ್ ಹಿಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದೆವು. ಅಷ್ಟು ಚೆನ್ನಾಗಿ ಗುಟ್ಟು ಕಾಪಾಡಿದ್ದೇವೆ, ಸರ್ಕಾರಕ್ಕೂ ಗೊತ್ತಿಲ್ಲ.

ಈಗ ಅದೇ ಮುಳುವಾಗಿದೆ. ನಾಟಿ ಟ್ರೌಟ್ ಇರುವ ಹಳ್ಳವೆಂದು ಮೀನು ಇಲಾಖೆಯ ಪಟ್ಟಿಗೆ ಸೇರಿದರೆ ಕಾನೂನೇ ಬೇರೆಯಂತೆ, ಬಾವಿ ದೂರ ಸರಿಯಬೇಕಂತೆ. ಅದಕ್ಕೆ ನಾವು ಬಾಯಿ ಬಿಡಬೇಕು. ಆದರೆ ಅಪ್ಪ ಕೊನೆಗಾಲದಲ್ಲಿ ನಮ್ಮಿಬ್ಬರ ಕೈಯನ್ನೂ ಒರತೆಯ ಮೇಲೆ ಕಟ್ಟಿದ ಆ ಪುಟ್ಟ ಒರತೆ ಮನೆಯ ಬಾಗಿಲ ಮೇಲೆ ಇಡಿಸಿ ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡ. ಮನೆ ಮಕ್ಕಳ ಮೊದಲ ಮೀನಿನ ಉದ್ದವನ್ನೆಲ್ಲ ಕೊರೆದಿರುವ ಬಾಗಿಲು ಅದು. ಇಬ್ಬರೂ ಕೊಟ್ಟ ಮಾತನ್ನು ನಾನೊಬ್ಬಳೇ ಮುರಿಯಲಾರೆ. ನೀನೂ ಹೂಂ ಅನ್ನು.

ಅಕ್ಕ,
ಆರ್ಡಿತ್


ಒಡೆಸ್ಸಾ, ಟೆಕ್ಸಾಸ್
೨೭ ಜೂನ್ ೨೦೧೨

ಅಕ್ಕಾ,

ಕಾಗದ ತಲುಪಿತು. ಇಲ್ಲಿ ನೆರಳಿನಲ್ಲೇ ನೂರೈದು ಡಿಗ್ರಿ, ಅದೂ ನೆರಳು ಸಿಕ್ಕರೆ.

ನೀವು ಗುಡ್ಡದವರು ಕೊರೆಯುವ ಯಂತ್ರ ಕಂಡರೆ ದೆವ್ವ ಕಂಡವರ ಹಾಗೆ ಆಡುತ್ತೀರಿ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೆಲದ ನೀರು ದಾಟುವವರೆಗೆ ಉಕ್ಕಿನ ಕೊಳವೆ, ಅದರ ಸುತ್ತ ಸಿಮೆಂಟು. ನನ್ನ ತಂಡ ಹಾಕಿದ ಸಿಮೆಂಟು ಇವತ್ತಿನವರೆಗೆ ಒಂದೂ ಸೋರಿಲ್ಲ. ನಿನಗೆ ನಿನ್ನ ಮೀನು ಎಷ್ಟೋ ನನಗೆ ನನ್ನ ಸಿಮೆಂಟು ಅಷ್ಟು.

ಅಪ್ಪನಿಗೆ ಕೊಟ್ಟ ಮಾತು ಕೊಟ್ಟ ಮಾತೇ. ಹಾಗೇ ಬಿಟ್ಟುಬಿಡು.

ಒಂದು ಕೇಳಬೇಕಿತ್ತು. ಟ್ರೌಟ್ ಇಲ್ಲ ಎಂದು ಅವರಿಗೆ ಹೇಳಿದ್ದು ಯಾರು ಅಂತ ಆ ಕಾಗದದಲ್ಲಿ ಇದೆಯಾ? ಸುಮ್ಮನೆ ಕೇಳಿದೆ.

ಲಮಾರ್


ಬಿಯರ್ಲಿ ಕಣಿವೆ
೯ ಜುಲೈ ೨೦೧೨

ಲಮಾರ್,

ನೀನು ಸುಮ್ಮನೆ ಕೇಳಿದೆ, ನಾನು ಸುಮ್ಮನೆ ಬಿಡಲಿಲ್ಲ. ಮೀನು ಇಲಾಖೆಗೆ ಬರೆದು ಹಳೇ ದಾಖಲೆ ತರಿಸಿದೆ. ಒಂದೇ ಹಾಳೆ. ‘ಆಗಸ್ಟ್ ೧೯೭೬. ಕಿರಿದಾದ ತೊರೆ. ಮೀನಿಲ್ಲವೆಂದು ಸ್ಥಳೀಯ ನಿವಾಸಿಯ ಹೇಳಿಕೆ. ಪರೀಕ್ಷೆ ನಡೆಸಿಲ್ಲ.’

ಆಗ ಈ ಕಣಿವೆಯಲ್ಲಿದ್ದದ್ದು ಎರಡೇ ಮನೆ. ಒಂದು ನಮ್ಮದು. ನಾವು ಬಾಯಿ ಬಿಡದವರು ನಿಜ, ಸುಳ್ಳು ಹೇಳಿದವರಲ್ಲ. ಅಧಿಕಾರಿ ಬಂದು ಕೇಳಿದ್ದರೆ ಅಪ್ಪ ಅವನ ಮುಖಕ್ಕೆ ಬಾಗಿಲು ಹಾಕುತ್ತಿದ್ದ, ಅಷ್ಟೆ. ಇನ್ನುಳಿದದ್ದು ವಿಲ್ಮರನ ಅಪ್ಪ. ನನ್ನ ಮೈ ಉರಿದುಹೋಯಿತು.

ಶನಿವಾರ ಫೈರ್ ಹಾಲ್‌ನಲ್ಲಿ ಊರ ಊಟ. ವಿಲ್ಮರ್ ಎದುರು ಮೇಜಿನಲ್ಲಿ ಕೋಳಿ ಸಾರು, ಬನ್ನು ಬಾರಿಸುತ್ತಿದ್ದ. ನನಗೆ ತಡೆಯಲಾಗಲಿಲ್ಲ.

“ನಿಮ್ಮಪ್ಪ ಹೇಳಿದ ಸುಳ್ಳಿಗೆ ಮೂವತ್ತಾರು ವರ್ಷ ಆಯ್ತು ವಿಲ್ಮರ್. ಈಗ ಫಲ ಬಿಟ್ಟಿದೆ ನೋಡು!”

“ಯಾವ ಸುಳ್ಳೇ?”

“ನಮ್ಮ ಹಳ್ಳದಲ್ಲಿ ಟ್ರೌಟ್ ಇಲ್ಲ ಅಂತ ಬರೆಸಿದ್ದು!”

ಅವನು ಚಮಚ ಕೆಳಗಿಟ್ಟ. “ನಿಮ್ಮ ಹಳ್ಳದಲ್ಲಿ ಟ್ರೌಟ್ ಇದೆಯಾ?”

ನಲವತ್ತು ಜನ ನನ್ನನ್ನೇ ನೋಡುತ್ತಿದ್ದರು.

“ಅಲ್ವೇ ಆರ್ಡಿತ್, ನಂಗೇ ಗೊತ್ತಿಲ್ಲ, ಇನ್ನು ನಮ್ಮಪ್ಪಂಗೆ ಹ್ಯಾಗೆ ಗೊತ್ತಿರುತ್ತೆ? ನೀವು ದಿನಾ ಸೌದೆಗೆ ಅಂತ ಹೋಗಿ ಬರಿಗೈಲಿ ಬರೋದು ನೋಡಿ, ಬಿಯರ್ಲಿಗಳಿಗೆ ಕೊಡಲಿ ಹಿಡಿಯೋಕೇ ಬರಲ್ಲ ಅಂತ ನಮ್ಮನೇಲಿ ನಗ್ತಿದ್ರು!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ಮಾತ್ರ ನಗಲಿಲ್ಲ. “ಸತ್ತೋರ ಮೇಲೆ ಗೂಬೆ ಕೂರಿಸ್ಬೇಡ. ನಮ್ಮಪ್ಪ ಜಗಳಗಂಟ ಇರಬಹುದು, ಸುಳ್ಳುಗಾರ ಅಲ್ಲ” ಎಂದು ಎದ್ದುಹೋದ.

ಹೀಗೆ ಗುಟ್ಟು ರಟ್ಟಾಯಿತು, ಅದೂ ನನ್ನ ಬಾಯಿಂದಲೇ. ಅಪ್ಪನಿಗೆ ಕೊಟ್ಟ ಮಾತು ಹೋಯಿತು, ಆದ್ದರಿಂದ ನಿನ್ನ ಹೂಂ ಕೂಡ ನನಗೆ ಬೇಕಿಲ್ಲ. ಬಾವಿಯವರ ಉಪ್ಪು ತಿಂದವನು ನೀನು, ಅವರ ಕಡೆ ಮಾತಾಡುತ್ತೀಯ. ಇರಲಿ.

ಆರ್ಡಿತ್


ಬಿಯರ್ಲಿ ಕಣಿವೆ
೨ ಆಗಸ್ಟ್ ೨೦೧೨

ಲಮಾರ್,

ಮೂರು ವಾರವಾದರೂ ನಿನ್ನ ಉತ್ತರವಿಲ್ಲ. ಬೈದದ್ದು ಹೆಚ್ಚಾಯಿತೇನೋ. ವಾಪಸು ತೆಗೆದುಕೊಳ್ಳುವುದಿಲ್ಲ, ಆದರೆ ಹೆಚ್ಚಾಯಿತು.

ಮೀನು ಇಲಾಖೆಗೆ ಫೋನು ಮಾಡಿದೆ. ಕೊರಿನ್ ಹ್ಯಾಲ್ಡಮನ್ ಎಂಬ ಹುಡುಗಿ, ಮಾತು ಮೃದು. ಆದರೆ ಅವಳ ಕೈಯಲ್ಲಿ ಒಂದೇ ತಂಡ, ನೋಡಬೇಕಾದ ಹಳ್ಳ ಇನ್ನೂರು. ಸೆಪ್ಟೆಂಬರ್ ನಡುವಿಗೆ ಈ ವರ್ಷದ ಕೆಲಸ ನಿಲ್ಲುತ್ತದೆ. ಕಂಪನಿಯ ಅರ್ಜಿ ಅಕ್ಟೋಬರ್‌ನಲ್ಲಿ ತೀರ್ಮಾನವಾಗುತ್ತದೆ.

“ಎಲ್ಲರೂ ನಮ್ಮಲ್ಲಿ ಟ್ರೌಟ್ ಇದೆ ಅಂತಾರಮ್ಮ. ನಿಮ್ಮದಕ್ಕೆ ಆಗಲೇ ಇಲ್ಲ ಅಂತ ದಾಖಲೆ ಇದೆ. ಅದು ತಪ್ಪು ಅನ್ನೋಕೆ, ಆ ದಿನ ಅಲ್ಲಿದ್ದೋರು ಯಾರಾದ್ರೂ ಬರೆದುಕೊಟ್ರೆ ನಿಮ್ಮನ್ನ ಮುಂದಕ್ಕೆ ಹಾಕ್ಕೋತೀನಿ” ಎಂದಳು.

ಆ ದಿನ ಇದ್ದವರು ಯಾರು? ಅಪ್ಪ ಇಲ್ಲ, ಸ್ಟಾಲ್ ಮುದುಕ ಇಲ್ಲ. ನಿನ್ನೆ ಹೋಗಿ ಮೂರನೇ ಮಡುವಿನ ಹತ್ತಿರ ಕೂತು ಬಂದೆ. ಬಂಡೆಯ ಕೆಳಗೆ ಒಂದು ಬಾಲ ಆಡುತ್ತಿತ್ತು. ಅದಕ್ಕೆ ಏನು ಹೇಳಲಿ?

ಆರ್ಡಿತ್


ಒಡೆಸ್ಸಾ, ಟೆಕ್ಸಾಸ್
೧೧ ಆಗಸ್ಟ್ ೨೦೧೨

ಅಕ್ಕಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರು ಹೇಳಿದ್ದು ಎಂದು ನಿನ್ನನ್ನು ಕೇಳಿದಾಗಲೇ ನಾನು ಹೆಗಲು ಮುಟ್ಟಿಕೊಂಡಿದ್ದೆ. ನೀನು ಗಮನಿಸಲಿಲ್ಲ. ಆ ಸ್ಥಳೀಯ ನಿವಾಸಿ ನಾನು.

ಆ ಬೇಸಿಗೆಯಲ್ಲಿ ನೀನು ನರ್ಸ್ ಶಾಲೆಗೆ ಹೋಗಿದ್ದೆ. ನನಗೆ ಹನ್ನೆರಡು. ಬೆಳಿಗ್ಗೆ ನಾಲ್ಕು ಮೀನು ಹಿಡಿದು ದಾಟುಗಲ್ಲಿನ ಮೇಲೆ ಕೂತಿದ್ದೆ. ಇಲಾಖೆಯ ಹಸಿರು ಗಾಡಿಯ ಸದ್ದು ಕೇಳಿ ನಾಲ್ಕನ್ನೂ ಅಂಗಿಯೊಳಗೆ ತುರುಕಿಕೊಂಡೆ. ಇಬ್ಬರು ಇಳಿದರು. ಒಬ್ಬನ ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಹಾಳೆ.

“ಏನಪ್ಪಾ ಮರಿ, ಇದರಲ್ಲಿ ಮೀನಿದೆಯಾ?”

“ಇಲ್ಲ ಸಾರ್. ಬರೀ ಕಪ್ಪೆ.”

“ಯಾವತ್ತೂ ಕಂಡಿಲ್ವಾ?”

“ನಮ್ಮಜ್ಜನ ಕಾಲದಿಂದ ಇಲ್ಲ ಸಾರ್.”

ನಾಲ್ಕರಲ್ಲಿ ಒಂದಕ್ಕೆ ಇನ್ನೂ ಜೀವ ಇತ್ತು. ನಾನು ಮಾತಾಡಿದಷ್ಟು ಹೊತ್ತೂ ಅದು ನನ್ನ ಹೊಟ್ಟೆಯ ಮೇಲೆ ತಣ್ಣಗೆ ಹೊರಳಾಡುತ್ತಿತ್ತು. ಆತ ನಕ್ಕು ಬರೆದುಕೊಂಡ, ನನಗೊಂದು ಚೂಯಿಂಗ್ ಗಮ್ ಕೊಟ್ಟ, ಹೊರಟುಹೋದರು.

ಆಮೇಲೆ ಹೆಮ್ಲಾಕ್ ಮರದ ಹಿಂದಿನಿಂದ ಅಪ್ಪ ಬಂದ. ಎಲ್ಲ ಕೇಳಿಸಿಕೊಂಡಿದ್ದ. ಸುಳ್ಳು ಹೇಳಿದೆನೆಂದು ಬಾರಿಸುತ್ತಾನೆ ಅಂದುಕೊಂಡೆ. ಅವನು ಜೇಬಿನಿಂದ ಚಾಕು ತೆಗೆದ, ಬಾಗಿಲ ಮೇಲೆ ಮೀನಿನ ಗುರುತು ಕೊರೆಯುತ್ತಿದ್ದ ಅದೇ ಚಾಕು. ಅದನ್ನು ನನ್ನ ಅಂಗೈಯಲ್ಲಿಟ್ಟು “ನೀನು ನನ್ನ ಮಗ ಕಣೋ” ಅಂದ.

ಅಕ್ಕಾ, ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ಸಲ. ನಿನಗೆ ಗೊತ್ತು ಅವನು ಎಂಥವನೆಂದು. ಹದಿನೆಂಟಕ್ಕೆ ಮನೆ ಬಿಟ್ಟೆ, ಮೂವತ್ತು ವರ್ಷ ಈ ಬಿಸಿಲಲ್ಲಿ ದುಡಿದೆ. ಆ ಒಂದು ಮಾತು ಜೇಬಿನಲ್ಲಿತ್ತು. ಅದು ಸುಳ್ಳಿಗೆ ಸಿಕ್ಕ ಹೊಗಳಿಕೆ ಎಂದು ನಾನೇ ಬರೆದುಕೊಟ್ಟರೆ ನನಗೇನು ಉಳಿಯುತ್ತದೆ? ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ. ಕಂಪನಿಯ ಉಪ್ಪಿಗಾಗಿ ಅಲ್ಲ. ನೀನು ಹಾಗೆ ಬರೆದದ್ದಕ್ಕೆ ಬಹಳ ನೋವಾಯಿತು, ಆದರೆ ನಿಜ ಹೇಳುವುದಕ್ಕಿಂತ ಬೈಸಿಕೊಳ್ಳುವುದೇ ಸುಲಭವಾಗಿತ್ತು.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ನನ್ನ ಸಿಮೆಂಟು ಸೋರಿಲ್ಲ, ನಿಜ. ಬೇರೆಯವರದ್ದು ಸೋರಿದ್ದನ್ನು ನೋಡಿದ್ದೇನೆ. ಕೊರೆದಾಗ ಬರುವ ಕೊಳಕು ನೀರಿನ ಹೊಂಡ ಒಂದೇ ಮಳೆಗೆ ತುಂಬಿ ಹರಿದದ್ದನ್ನೂ ನೋಡಿದ್ದೇನೆ. ಇಲ್ಲಿ ಅದು ಮರಳಿಗೆ ಇಂಗಿತು, ಯಾರೂ ಅಳಲಿಲ್ಲ. ಅಲ್ಲಿ ಅದರ ಕೆಳಗೆ ಒರತೆ ಇದೆ. ಮೂವತ್ತು ವರ್ಷದ ಕೆಲಸಗಾರನಾಗಿ ಹೇಳುತ್ತೇನೆ, ಅದು ಬಾವಿ ಕೊರೆಯುವ ಜಾಗವಲ್ಲ.

ನೋಟರಿಯ ಮುಂದೆ ಸಹಿ ಮಾಡಿದ ಹೇಳಿಕೆ ಈ ಪೊಟ್ಟಣದಲ್ಲಿದೆ, ಕೊರಿನ್‌ಗೆ ಕೊಡು. ಚಾಕುವೂ ಇದೆ. ಅದು ಇನ್ನು ನನ್ನ ಜೇಬಿಗೆ ಬೇಡ.

ಲಮಾರ್


ಬಿಯರ್ಲಿ ಕಣಿವೆ
೬ ಸೆಪ್ಟೆಂಬರ್ ೨೦೧೨

ತಮ್ಮಾ,

ನಿನ್ನ ಹೇಳಿಕೆಯನ್ನು ಅದೇ ದಿನ ಇಲಾಖೆಗೆ ಕಳಿಸಿ, ಆಮೇಲೆ ಹಕಲ್‌ಬೆರಿ ಹಣ್ಣಿನ ಪೈ ಮಾಡಿದೆ. ಬಿಸಿಬಿಸಿಯಾಗಿ ಹಿಡಿದುಕೊಂಡು ವಿಲ್ಮರನ ಮನೆ ಬಾಗಿಲು ತಟ್ಟಿದೆ.

“ತಪ್ಪಾಯ್ತು ಕಣೋ. ಸುಳ್ಳು ಹೇಳಿದ್ದು ನಮ್ಮ ಲಮಾರ್.”

“ಆ ಗೊಣ್ಣೆ ಮೂಗಿನವನಾ?” ಎಂದು ಪೈ ಇಸಿದುಕೊಂಡ. “ಇದು ನನಗಾಯ್ತು. ನಮ್ಮಪ್ಪಂಗೆ? ಹಾಲ್‌ನಲ್ಲಿ ಕೆಡಿಸಿದ ಹೆಸರನ್ನ ಹಾಲ್‌ನಲ್ಲೇ ಸರಿ ಮಾಡು.”

ಮಾಡಿದೆ. ಮುಂದಿನ ಶನಿವಾರ ನಲವತ್ತು ಜನರ ಎದುರು ಎದ್ದು ನಿಂತು, ಸುಳ್ಳು ನಮ್ಮದು, ಸ್ಟಾಲ್ ಮನೆಯದಲ್ಲ ಎಂದೆ. ಬಿಯರ್ಲಿಗಳು ಸುಳ್ಳು ಹೇಳುವುದಿಲ್ಲ ಎಂಬ ನನ್ನ ಜಂಭ ಅಲ್ಲಿಗೆ ಮುಗಿಯಿತು. ಕೂತ ಮೇಲೆ ಮನಸ್ಸು ಹಗುರಾಗಿತ್ತು, ಎರಡು ತಟ್ಟೆ ತಿಂದೆ.

ಮಂಗಳವಾರ ಕೊರಿನ್ ಬಂದಳು, ಜೊತೆಗೆ ಇಬ್ಬರು. ಬೆನ್ನಿಗೆ ಬ್ಯಾಟರಿ, ಕೈಯಲ್ಲಿ ಒಂದು ಕೋಲು. ಕೋಲಿನ ತುದಿಯನ್ನು ನೀರಿಗೆ ಇಟ್ಟರೆ ಸಣ್ಣ ಕರೆಂಟು ತಾಗಿ ಮೀನು ಮಂಪರಾಗಿ ತೇಲುತ್ತದೆ. ಬಲೆಯಲ್ಲಿ ಎತ್ತಿ ಅಳೆದು ಬಿಡುತ್ತಾರೆ. ಅವಳು ಮೊದಲು ಹೇಳಿದ್ದು ನಿನ್ನ ಹೇಳಿಕೆಯ ವಿಷಯ.

“‘ನಾನು ಸುಳ್ಳು ಹೇಳಿದೆ, ಆಗ ಮೀನು ನನ್ನ ಅಂಗಿಯೊಳಗಿತ್ತು.’ ಇಂಥದ್ದು ನಮ್ಮ ಕಚೇರಿಗೆ ಯಾವತ್ತೂ ಬಂದಿಲ್ಲ. ಗೋಡೆಗೆ ಅಂಟಿಸ್ಕೊಂಡಿದೀವಿ.”

ವಿಲ್ಮರನೂ ಬಂದಿದ್ದ. “ನಿಮ್ಮ ಸೌದೆ ನೋಡೋಣ ಅಂತ ಬಂದೆ” ಎಂದು ಕಲ್ಲಿನ ಮೇಲೆ ಕೂತ.

ಮೊದಲ ಮಡುವಿನಲ್ಲಿ ಏನೂ ಏಳಲಿಲ್ಲ. ಎರಡನೆಯದರಲ್ಲಿ ಒಂದು ಕಪ್ಪೆ. “ಲಮಾರ್ ನಿಜಾನೇ ಹೇಳಿದ್ನೇನೋ” ಎಂದ ವಿಲ್ಮರ್. ಬೇಸಿಗೆಯಲ್ಲಿ ನೀರು ಅಷ್ಟು ಇಳಿದಿತ್ತು, ಎಲ್ಲ ಸತ್ತೇ ಹೋದವೇ ಎಂದು ಹೆದರಿದೆ.

ಮೂರನೇ ಮಡು. ಕೊರಿನ್ ಬಂಡೆಯ ಕೆಳಗೆ ಕೋಲು ಇಟ್ಟಳು. ಲಮಾರ್, ನೀನು ಇರಬೇಕಿತ್ತು! ಒಂದು ಎದ್ದಿತು, ಅದರ ಹಿಂದೆ ಎರಡು, ಆಮೇಲೆ ಬಲೆ ಸಾಲಲಿಲ್ಲ. ಹೊಟ್ಟೆಯೆಲ್ಲ ಕೆಂಡದ ಬಣ್ಣ, ಪಕ್ಕದಲ್ಲಿ ನೀಲಿ ಉಂಗುರದೊಳಗೆ ಕೆಂಪು ಚುಕ್ಕೆ, ರೆಕ್ಕೆಗೆ ಬಿಳಿ ಅಂಚು. ಬರೆದುಕೊಳ್ಳುವವನಿಗಿಂತ ಮುಂಚೆ ವಿಲ್ಮರ್ ಎದ್ದು ನಿಂತು ಎಣಿಸತೊಡಗಿದ. ಇಪ್ಪತ್ತಾಗುವ ಹೊತ್ತಿಗೆ ಕೂಗುತ್ತಿದ್ದ. ಮೇಲಿನ ಜಲಪಾತದವರೆಗೆ ಹೋಗಿ ನಿಲ್ಲಿಸಿದಾಗ ಎಪ್ಪತ್ತೊಂದು. ದೊಡ್ಡದು ಒಂಬತ್ತು ಇಂಚು.

ಕೊರಿನ್ ನನ್ನ ಅಂಗೈಗೆ ಬೆರಳುದ್ದದ ಒಂದು ಮರಿಯನ್ನು ಇಟ್ಟಳು. “ಇದು ಈ ವರ್ಷ ಹುಟ್ಟಿದ್ದು. ಇಲ್ಲೇ ಹುಟ್ಟಿದ್ದು. ಲಾರೀಲಿ ಬಂದಿದ್ದಲ್ಲ” ಎಂದಳು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಆ ಮೀನನ್ನು ನಾನೇ ಹೆತ್ತಿದ್ದೇನೋ ಅನ್ನಿಸಿತು.

ವಿಲ್ಮರ್ ಟೊಪ್ಪಿ ತೆಗೆದು ನೀರು ನೋಡಿದ. “ಐವತ್ತು ವರ್ಷ ಪಕ್ಕದ ಮನೇಲಿದ್ದು ಒಂದ್ ಮೀನು ಕೊಟ್ಟಿಲ್ವಲ್ಲೇ, ಜಿಪುಣಿ” ಎಂದ. ಆಮೇಲೆ ಮೆಲ್ಲಗೆ, “ಇಷ್ಟಿದೆ ಅಂತ ಗೊತ್ತಿದ್ರೆ ಗೂಟ ಅಲ್ಲಿ ಹೊಡೆಸ್ತಿರ್ಲಿಲ್ಲ” ಎಂದ. ಅದು ನಿಜ ಎಂದು ನನಗೆ ಗೊತ್ತು. ನಾವು ಹೇಳಿರಲಿಲ್ಲ, ಅಷ್ಟೆ.

ಪಟ್ಟಿಗೆ ಹಾಕಲು ಹೆಸರು ಬೇಕಂತೆ. ಏನು ಕೊಡಲಿ? ಚಾಕುವಿನ ಬಗ್ಗೆ ಈಗ ಏನೂ ಹೇಳುವುದಿಲ್ಲ.

ಅಕ್ಕ,
ಆರ್ಡಿತ್


ಒಡೆಸ್ಸಾ, ಟೆಕ್ಸಾಸ್
೨೦ ಸೆಪ್ಟೆಂಬರ್ ೨೦೧೨

ಅಕ್ಕಾ,

ಎಪ್ಪತ್ತೊಂದು ಎಂಬಲ್ಲಿ ನಿಲ್ಲಿಸಿ ಮತ್ತೆ ಮೊದಲಿನಿಂದ ಓದಿದೆ. ಊಟದ ಹೊತ್ತಿಗೆ ನನ್ನ ತಂಡಕ್ಕೂ ಓದಿ ಹೇಳ್ತಾ ಇದ್ದರೆ ಒಬ್ಬ “ಒಂಬತ್ತು ಇಂಚಿಗೆ ಇಷ್ಟು ಗಲಾಟೇನಾ ಬಾಸ್?” ಅಂದ. ನಾಟಿ ಟ್ರೌಟ್ ಒಂಬತ್ತು ಇಂಚು ಬೆಳೆಯುವುದೆಂದರೆ ಏನೆಂದು ಮರುಭೂಮಿಯವನಿಗೇನು ಗೊತ್ತು. ಅರ್ಧ ಗಂಟೆ ಪಾಠ ಮಾಡಿದೆ.

ಅಪ್ಪನ ಹೆಸರು ಇಡಬೇಡ. ಊರಿಗೆಲ್ಲ ಹೇಳಿದಿರಾ ಅಂತ ಗೋರಿಯಿಂದ ಎದ್ದು ಬಂದಾನು.

ಸೌದೆ ಹಳ್ಳ ಎಂದು ಬರೆಸು.

ಲಮಾರ್


ಬಿಯರ್ಲಿ ಕಣಿವೆ
೧೫ ಏಪ್ರಿಲ್ ೨೦೧೩

ತಮ್ಮಾ,

ಪಟ್ಟಿ ಬಂತು. ಸಂಖ್ಯೆಯ ಪಕ್ಕದಲ್ಲಿ ಅಚ್ಚಾಗಿದೆ: ಸೌದೆ ಹಳ್ಳ, ನಾಟಿ ಟ್ರೌಟ್ ಇದೆ. ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಕಂಪನಿಯವರು ಬಾವಿಯನ್ನು ಗುಡ್ಡದ ಆಚೆ ಮಗ್ಗುಲಿಗೆ, ವಿಲ್ಮರನ ಹಳೇ ಆಲೂಗಡ್ಡೆ ಹೊಲಕ್ಕೆ ಸರಿಸಿದರು. ನೀರು ಎತ್ತುವ ಮಾತು ಕೈಬಿಟ್ಟರು. ಆಚೆಗೂ ಒಂದು ಹಳ್ಳ ಇದೆ, ಕೊರಿನ್ ಜೂನ್‌ನಲ್ಲಿ ಅದನ್ನೂ ನೋಡುತ್ತಾಳೆ. ಈ ಸಲ ಅವಳನ್ನು ಕರೆಸಿದವನು ವಿಲ್ಮರ್! ಇಲ್ಲಿದ್ದ ಗೂಟಗಳನ್ನು ಅವನೂ ನಾನೂ ಕಿತ್ತೆವು. ಎಲ್ಲ ತಂದು ಒಲೆಗೆ ಹಾಕಿದೆ. ಮೂರು ತಲೆಮಾರಿನಲ್ಲಿ ಬಿಯರ್ಲಿ ಮನೆಯವರು ಅಲ್ಲಿಂದ ನಿಜವಾದ ಸೌದೆ ತಂದದ್ದು ಇದೇ ಮೊದಲು.

ಶನಿವಾರ ಮೀನಿನ ಕಾಲ ಶುರುವಾಯಿತು. ಬೆಳಿಗ್ಗೆ ದಾರಿಯ ಪಕ್ಕ ಒಂದು ಕಾರು ನಿಂತಿತ್ತು, ಓಹಾಯೋ ನಂಬರು. ಒಬ್ಬ ಹೆಂಗಸು, ಅವಳ ಮಗಳು, ಕೈಯಲ್ಲಿ ಗಾಳದ ಕೋಲು. “ಅಮ್ಮಾ, ಇದರಲ್ಲಿ ಮೀನಿದೆಯಾ?” ಎಂದು ಆ ಹೆಂಗಸು ನನ್ನನ್ನು ಕೇಳಿದಳು.

“ಇಲ್ಲಮ್ಮ. ಬರೀ ಕಪ್ಪೆ” ಎಂದೆ.

ನಗಬೇಡ. ಬಾಯಿ ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತು. ಅವರು ಹೋಗಿ ಕಾರಿನ ಬಾಗಿಲು ತೆಗೆಯುವಾಗ ನನಗೆ ಎಚ್ಚರವಾಯಿತು. ಈ ಮಂಡಿ ನೋವಿನಲ್ಲಿ ಓಡಿದೆ. “ಇದೆ! ಇದೆ! ಚಿಕ್ಕದನ್ನ ಬಿಟ್ಟುಬಿಡಿ. ಮೂರನೇ ಮಡುವಿಗೆ ಮಾತ್ರ ಗಾಳ ಹಾಕ್ಬೇಡಿ, ಅದು ನನ್ನ ತಮ್ಮಂದು!” ಎಂದು ಕೂಗಿದೆ. ಆ ಹುಡುಗಿ ಒಂದು ಹಿಡಿದಳು, ಆರು ಇಂಚು. ಕಿರುಚಿದ್ದು ಮನೆಯವರೆಗೂ ಕೇಳಿಸಿತು. ಸಂಕಟವಾಗುತ್ತದೆ ಅಂದುಕೊಂಡಿದ್ದೆ, ಹೊರಗಿನವರು ನಮ್ಮ ಮೀನು ಹಿಡಿದರಲ್ಲ ಎಂದು. ಸ್ವಲ್ಪ ಆಯಿತು. ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಈಗ ಚಾಕುವಿನ ವಿಷಯ. ನಿನ್ನ ಕಾಗದ ಓದಿದಾಗಿನಿಂದ ಯೋಚಿಸಿದ್ದೇನೆ. ಅಪ್ಪ ಅವತ್ತು ಹೊಗಳಿದ್ದು ಸುಳ್ಳನ್ನಲ್ಲ ಕಣೋ. ನೀರು ಉಳಿಸಿದ್ದನ್ನು. ನೀನು ಆ ನೀರನ್ನು ಎರಡು ಸಲ ಉಳಿಸಿದ್ದೀಯ, ಹನ್ನೆರಡಕ್ಕೆ ಸುಳ್ಳು ಹೇಳಿ, ನಲವತ್ತೆಂಟಕ್ಕೆ ನಿಜ ಹೇಳಿ. ಎರಡನೆಯದು ಕಷ್ಟದ್ದು. ಅದಕ್ಕೆ ಹೊಗಳಲು ಅಪ್ಪ ಇಲ್ಲ, ನಾನಿದ್ದೇನೆ. ನೀನು ನನ್ನ ತಮ್ಮ ಕಣೋ.

ಚಾಕು ಒರತೆ ಮನೆಯ ಬಾಗಿಲ ಮೊಳೆಗೆ ನೇತಾಡುತ್ತಿದೆ. ಟಪಾಲಿನಲ್ಲಿ ಕಳಿಸುವುದಿಲ್ಲ, ಬಂದು ತಗೋ. ರಜೆ ಹಾಕು.

ಮನೆಯಲ್ಲಿ ಸೌದೆ ಮುಗಿದಿದೆ.

ಅಕ್ಕ,
ಆರ್ಡಿತ್